ದಾಸೋಹಕ್ಕೆ ಮುನ್ನ: ಲಕ್ಕಮ್ಮನ ಪ್ರಸಂಗದ ಒಂದು ವಿವೇಚನೆ

ತನ್ನನ್ನು ಮರೆತು ಪರರಿಗೆ ಕೊಡುವುದೇ ಶರಣರ ದಾಸೋಹತತ್ತ್ವದ ಸಾರವೆಂದು ಹೇಳುವುದು ವಾಡಿಕೆಯಾಗಿದೆ. ಈ ಮಾತು ಸುಳ್ಳಲ್ಲ, ಆದರೆ ಅಪೂರ್ಣ. ಕೊಡುವವನು ಎಂಥವನಾಗಿರಬೇಕು ಎಂಬ ಪ್ರಶ್ನೆಯನ್ನು ಅದು ಬದಿಗಿರಿಸುತ್ತದೆ. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿನ ಆಯ್ದಕ್ಕಿ ಮಾರಯ್ಯನ ಪ್ರಸಂಗವು ಈ ಪ್ರಶ್ನೆಯನ್ನೇ ಎತ್ತಿಕೊಂಡಿದೆ.

ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯ, ಲಕ್ಕಮ್ಮ ದಂಪತಿಗಳ ವ್ರತ. ಒಮ್ಮೆ ಗೋಷ್ಠಿಯಲ್ಲಿ ಮೈಮರೆತ ಪತಿಯನ್ನು ಲಕ್ಕಮ್ಮ ಕಾಯಕಕ್ಕೆ ಎಚ್ಚರಿಸುತ್ತಾಳೆ. ಅವನು ಹೋಗಿ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತರುತ್ತಾನೆ. ಆಕೆ ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ವಿಧಿಸುತ್ತಾಳೆ.

ಇದನ್ನು ಬರಿಯ ನಿರಾಶೆಯ ದೃಷ್ಟಾಂತವಾಗಿ ಓದುವುದು ಸಾಲದು. ಅಕ್ಕಿ ಹೆಚ್ಚಾದಷ್ಟೂ ಹೆಚ್ಚು ಜಂಗಮರಿಗೆ ತೃಪ್ತಿಯಾಗುತ್ತಿತ್ತಲ್ಲವೆ? ಕೊಟ್ಟ ಪ್ರಮಾಣವೇ ದಾಸೋಹದ ಅಳತೆಯಾಗಿದ್ದರೆ ಲಕ್ಕಮ್ಮನದು ತಪ್ಪೆನ್ನಬೇಕಾಗುತ್ತಿತ್ತು. ಆಕೆ ನೋಡಿದ್ದು ಅಕ್ಕಿಯನ್ನಲ್ಲ, ತಂದವನ ಮನಸ್ಸನ್ನು. ಮುಂದೆ ಮಾರಯ್ಯನು ಪತ್ನಿಯಿಂದಲೇ ಬೋಧೆ ಪಡೆಯುತ್ತಾನೆ. ಆದುದರಿಂದ ಪ್ರಸಂಗದ ನಿಜವಾದ ವಸ್ತು ದಾನದ ಹಿರಿಮೆಯಲ್ಲ, ದಾನಿಯ ಬೆಳವಣಿಗೆ. ಕಾಯಕ ಮೊದಲು, ದಾಸೋಹ ಅನಂತರ ಎಂಬ ಕ್ರಮಕ್ಕೂ ಇದೇ ಅರ್ಥ.

ಇದು ಸ್ವಾರ್ಥಕ್ಕೆ ದಾರಿಯಾಗದೆ ಎಂದು ಆಕ್ಷೇಪಿಸಬಹುದು. ಕಪಿಲೆಯ ನೀರುಣ್ಣುವ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಒಕ್ಕಲಿಗನ ವಿವೇಕದಲ್ಲಿ ಇದಕ್ಕೆ ಉತ್ತರವಿದೆ. 1974ರಲ್ಲಿ ಕಬಿನಿ ಜಲಾಶಯವಾದ ಮೇಲೆ ಇಲ್ಲಿ ನಾಲೆಯ ಬಯಲು ವಿಸ್ತರಿಸಿತು. ಆದರೆ ಬಿತ್ತನೆಯ ಭತ್ತವನ್ನು ಮೊದಲು ತೆಗೆದಿರಿಸುವ ನಿಯಮ ಅದಕ್ಕಿಂತ ಬಹು ಹಳೆಯದು. ಬೀಜವನ್ನೇ ದಾನಮಾಡಿದವನು ಮರುವರ್ಷ ತಾನೇ ಕೈಯೊಡ್ಡಬೇಕು. ಬೀಜದ ನೆಪದಲ್ಲಿ ಕಣಜ ತುಂಬಿಕೊಂಡವನನ್ನು ಊರು ಒಕ್ಕಲಿಗನೆನ್ನದು, ಜಿಪುಣನೆನ್ನುವುದು. ಆರೋಗ್ಯ, ಅಧ್ಯಯನ, ಚಿತ್ತಶುದ್ಧಿಗಳು ಬಿತ್ತನೆಯ ಭತ್ತ. ಮಾರಯ್ಯ ತಂದ ಹೆಚ್ಚಿನ ಅಕ್ಕಿ ಕಣಜದ ಆಸೆ. ಇವೆರಡರ ನಡುವಣ ಗೆರೆಯನ್ನು ಕಂಡದ್ದೇ ಲಕ್ಕಮ್ಮನ ಹಿರಿಮೆ.

ಇದೇ ನಂಜನಗೂಡು ತಾಲ್ಲೂಕಿನ ಸುತ್ತೂರಿನ ಲಿಂಗೈಕ್ಯ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳ (1916-1986) ಜೀವಿತವು ಈ ಕ್ರಮಕ್ಕೆ ಸಾಕ್ಷಿಯಾಗಿದೆ. ಅವರು ಮೊದಲು ಕಾಶಿಯಲ್ಲಿ ವ್ಯಾಸಂಗ ಮಾಡಿದರು. ಅನಂತರ ಬಡ ವಿದ್ಯಾರ್ಥಿಗಳಿಗೆ ಅನ್ನ, ಆಶ್ರಯ ಕಲ್ಪಿಸಿದರು. 1954ರಲ್ಲಿ ವಿದ್ಯಾಪೀಠವನ್ನು ಕಟ್ಟಿದರು. ತಾವು ಕಲಿತ ಕಾಲವನ್ನು ಸಮಾಜದಿಂದ ಕಸಿದ ಕಾಲವೆಂದು ಯಾರೂ ಎಣಿಸಲಾರರು.

ನಮ್ಮ ಉಪನ್ಯಾಸಗಳಲ್ಲಿ ಇನ್ನೊಂದು ದೋಷವಿದೆ. ಎಲ್ಲರಿಗೂ ಬಡಿಸಿ, ಉಳಿದರೆ ಉಣ್ಣುವ, ಕಾಯಿಲೆಯನ್ನೂ ಹೇಳಿಕೊಳ್ಳದ ಗೃಹಿಣಿಯನ್ನು ದಾಸೋಹದ ಮೂರ್ತಿಯೆಂದು ಹೊಗಳುತ್ತೇವೆ. ಅವಳ ಬಳಲಿಕೆಗೆ ತತ್ತ್ವದ ಹೆಸರು ಕೊಟ್ಟು ನಾವು ನಿಶ್ಚಿಂತರಾಗುತ್ತೇವೆ. ಲಕ್ಕಮ್ಮನ ಹೆಸರು ಹೇಳಿ ಇದನ್ನು ಸಮರ್ಥಿಸುವುದು ಮೂಲಕ್ಕೆ ಎಸಗುವ ಅಪಚಾರ. ಆಕೆ ಮೌನವಾಗಿ ಸವೆದವಳಲ್ಲ. ಪತಿಗೆ ಎದುರಾಡಿದವಳು, ಅರಿತವಳು, ಅರಿವನ್ನು ಕೊಟ್ಟವಳು. ಶರಣಧರ್ಮದಲ್ಲಿ ನೀಡುವ ಕೈಯೂ ಪ್ರಸಾದಕ್ಕೆ ಹೊರತಲ್ಲ.

ಬೀಜವನ್ನು ಉಳಿಸಿಕೊಳ್ಳುವುದು ಬಿತ್ತುವುದಕ್ಕಾಗಿ. ಬಿತ್ತದೆ ಇಟ್ಟ ಬೀಜಕ್ಕೆ ಹುಳು ಹಿಡಿಯುತ್ತದೆ ಎಂಬುದನ್ನೂ ಇದರೊಡನೆ ನೆನಪಿಡುವುದು ಒಳಿತು.