ತಂತಿಯೊಳಗಿನ ಕೆಮ್ಮು

ಹಳೇ ಅಂಬಾಸಿಡರಿನ 1489 ಸಿಸಿ ಎಂಜಿನ್ ಬೆಣ್ಣೆಯಂತೆ ಓಡುತ್ತಿದ್ದುದು ಮರುಗಳಿಗೆಗೆ ಕೆಮ್ಮತೊಡಗಿದರೆ ನಮ್ಮಂಥವರು ಮೊದಲು ಬೈಯುವುದು ಕಾರ್ಬುರೇಟರನ್ನೇ. ನಾನು ಕಂಡ ಒಬ್ಬ ಮೇಸ್ತ್ರಿಗೆ ಆ ಅವಸರ ಇರಲಿಲ್ಲ. ಬಾನೆಟ್ ಎತ್ತಿ ಸುಮಾರು ಹೊತ್ತು ಸುಮ್ಮನೆ ಕೇಳಿಸಿಕೊಂಡರು.

ಎಂಜಿನ್ ನಿಲ್ಲಿಸಿ, ಎಸ್‌ಯು ಕಾರ್ಬುರೇಟರಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟರು. 'ಟಕ್' ಎಂದು ಕೂತಿತು, ಅಂದರೆ ಅಂಟಿಕೊಂಡಿಲ್ಲ. ಮತ್ತೆ ಸ್ಟಾರ್ಟ್ ಮಾಡಿ ಅದನ್ನೇ ಕೂದಲೆಳೆಯಷ್ಟು ಎತ್ತಿದರು. ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು, ಕುಸಿದರೆ ಕಡಿಮೆ, ಕ್ಷಣಕಾಲ ಏರಿ ತನ್ನ ಲಯಕ್ಕೆ ಮರಳಿದರೆ ಮಿಶ್ರಣ ಸರಿ. ಮರಳಿತು. ಇಷ್ಟಕ್ಕೆ ಯಾವ ಮೀಟರೂ ಬೇಕಾಗಲಿಲ್ಲ.

ಇನ್ನು ಕಿಡಿಯ ಸರದಿ. ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿದರು. ಪಾಯಿಂಟ್ ಅಂತರ 0.4 ಮಿ.ಮೀ., ಅದೂ ಸರಿ. ಆಮೇಲೆ ವ್ಯಾಕ್ಯೂಮ್ ಪೈಪನ್ನು ಬಾಯಿಗಿಟ್ಟು ಹೀರಿದರು, ಮಕ್ಕಳು ಎಳನೀರು ಹೀರಿದ ಹಾಗೆ! ಒಳಗಿನ ತಟ್ಟೆ ತುಸು ತಿರುಗಿತು. ಅದರೊಂದಿಗೆ ಬಾಗುವ ಪುಟ್ಟ ಅರ್ಥ್ ತಂತಿಯನ್ನು ಉಗುರಿನಿಂದ ಮೀಟಿ ನೋಡಿದರು. ಹೊದಿಕೆ ಗಟ್ಟಿ, ಒಳಗಿನ ಎಳೆಗಳು ತುಂಡು. ತಟ್ಟೆ ಅತ್ತ ತಿರುಗಿದಾಗ ತಾಗುತ್ತಿದ್ದವು, ಇತ್ತ ತಿರುಗಿದಾಗ ಬಿಡುತ್ತಿದ್ದವು. ಕಿಡಿ ಬಂದು ಹೋಗುತ್ತಿದ್ದುದು ಅದಕ್ಕೇ.

ಗೇಣುದ್ದವೂ ಇಲ್ಲದ ಮೆತ್ತನೆಯ ತಂತಿ, ಎರಡು ಬೊಟ್ಟು ಬೆಸುಗೆ. ಮುಗಿಯಿತು.

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಇಂಥ ಮೇಸ್ತ್ರಿ ನಿಮ್ಮೂರಲ್ಲಿ ಇನ್ನೂ ಇದ್ದರೆ, ಕಾರಿಲ್ಲದಿದ್ದರೂ ಪರವಾಗಿಲ್ಲ, ಒಂದು ಮಧ್ಯಾಹ್ನ ಪಕ್ಕದಲ್ಲಿ ನಿಂತು ನೋಡಿ ಬನ್ನಿ.