ಕಾಗದವಿಲ್ಲದ ವೈಮಾನಿಕ

ರಘು ಕಾರ್ನಾಡರ ‘ಫಾರ್ದೆಸ್ಟ್ ಫೀಲ್ಡ್’ (2015) ಪುಸ್ತಕವನ್ನು ಎರಡನೇ ಮಹಾಯುದ್ಧದ ಕಥನವೆಂದು ಓದುವುದು ರೂಢಿ. ಅದರ ಉಪಶೀರ್ಷಿಕೆ ಹೇಳುವುದೂ ಅದನ್ನೇ. ನನಗೆ ಮಾತ್ರ ಅದು ಬೇರೆಯೇ ಒಂದು ಪ್ರಶ್ನೆಯ ಪುಸ್ತಕ: ಮನೆಯಲ್ಲಿ ಫೋಟೋ ಉಳಿದು ಮಾತು ಉಳಿಯದೆ ಹೋದರೆ ಸತ್ತವರ ಬಗ್ಗೆ ಬರೆಯುವುದು ಹೇಗೆ? ಗಿರೀಶ ಕಾರ್ನಾಡರ ಮಗ ಬರೆದದ್ದು ಎಂಬ ಕಾರಣಕ್ಕಾದರೂ ನಾವು ಇದರ ಬಗ್ಗೆ ಇನ್ನಷ್ಟು ಮಾತಾಡಬಹುದಿತ್ತು. ಆದರೆ ಕಥೆ ತಾಯಿಯ ಕಡೆಯದು, ಕಲ್ಲಿಕೋಟೆಯ ಒಂದು ಪಾರ್ಸಿ ಮನೆತನದ್ದು.

ಅಜ್ಜಿಯ ಮನೆಯಲ್ಲಿ ಮೂವರು ತರುಣರ ಫೋಟೋಗಳಿದ್ದವು. ಅಜ್ಜಿಯ ಒಡಹುಟ್ಟಿದ ಬಾಬಿ, ಸೋದರಿಯ ಗಂಡ ಮಾಣೆಕ್, ಮತ್ತು ಅಜ್ಜಿಯ ಗಂಡ ಗ್ಯಾನಿ. ಗ್ಯಾನಿ ಕೊಡಗಿನ ವೈದ್ಯ. ಮಾಣೆಕ್ ವಾಯುಪಡೆಯ ಪೈಲಟ್. ಮೂವರೂ ಯುದ್ಧಕಾಲದಲ್ಲಿ ಸಮವಸ್ತ್ರದಲ್ಲಿದ್ದಾಗಲೇ ತೀರಿಕೊಂಡರು. ಮೊಮ್ಮಗನಿಗೆ ಕುತೂಹಲ ಹುಟ್ಟುವ ಹೊತ್ತಿಗೆ ಹೇಳಬಲ್ಲ ಬಹುತೇಕರು ಇರಲಿಲ್ಲ. ಹಾಗಾಗಿ ಸ್ಕ್ವಾಡ್ರನ್ ದಾಖಲೆ, ಪತ್ರಾಗಾರ, ಬದುಕಿದ್ದ ಹಳೆಯ ಯೋಧರ ಮಾತು, ಇವುಗಳ ಬೆನ್ನು ಹತ್ತಿದರು. ಉಳಿದದ್ದನ್ನು ಕಲ್ಪನೆ ತುಂಬಿತು. ಇಂಥ ಬರವಣಿಗೆಯನ್ನು ಅವರು ‘ಫೊರೆನ್ಸಿಕ್ ನಾನ್‌ಫಿಕ್ಷನ್’ ಎನ್ನುತ್ತಾರೆ.

ನಾನು ಈ ಪುಸ್ತಕವನ್ನು ರೋಆಲ್ಡ್ ಡಾಲ್‌ರ ‘ಗೋಯಿಂಗ್ ಸೋಲೋ’ (1986) ಪಕ್ಕದಲ್ಲಿಟ್ಟುಕೊಂಡು ಓದಿದೆ. ಡಾಲ್ ಕೂಡ ಅದೇ ಯುದ್ಧದ ಪೈಲಟ್. ಅವರಲ್ಲಿ ಕಾಗದಕ್ಕೆ ಬರವಿಲ್ಲ. ಮಗ ಬರೆದ ಆರುನೂರಕ್ಕೂ ಹೆಚ್ಚು ಪತ್ರಗಳನ್ನು ತಾಯಿ ಹಸಿರು ಪಟ್ಟಿ ಸುತ್ತಿ ಕಟ್ಟುಕಟ್ಟಾಗಿ ಇಟ್ಟಿದ್ದರು. 1967ರಲ್ಲಿ ಆಕೆ ತೀರಿಕೊಂಡ ಮೇಲೆಯೇ ಮಗನಿಗೆ ಅದು ತಿಳಿದದ್ದು. ಆತ್ಮಕಥನದ ನಡುನಡುವೆ ಆ ಪತ್ರಗಳ ತುಣುಕುಗಳು, ಫೋಟೋಗಳು ಬರುತ್ತವೆ.

ಇಷ್ಟಿದ್ದೂ ಸತ್ಯ ಸಲೀಸಾಗಿ ಕೈಗೆ ಸಿಗುವುದಿಲ್ಲ. 1940ರ ಸೆಪ್ಟೆಂಬರ್‌ನಲ್ಲಿ ಡಾಲ್‌ರ ವಿಮಾನ ಲಿಬಿಯಾ ಗಡಿಯ ಮರಳುಗಾಡಿನಲ್ಲಿ ಬಿತ್ತು. ಸ್ಕ್ವಾಡ್ರನ್ ಇರುವ ಜಾಗ ಸಿಗದೆ, ಇಂಧನ ಮುಗಿಯುತ್ತಾ ಬಂದು, ಕತ್ತಲಾಗುವ ಹೊತ್ತಿನಲ್ಲಿ ಇಳಿಸಲು ಹೋಗಿ ಆದ ಅಪಘಾತ ಅದು. 1942ರಲ್ಲಿ ಅಮೆರಿಕದ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ನಲ್ಲಿ ಬಂದ ಅವರ ಬರಹದ ಶೀರ್ಷಿಕೆಯಾದರೋ ವಿಮಾನವನ್ನು ಹೊಡೆದುರುಳಿಸಲಾಯಿತು ಎನ್ನುತ್ತಿತ್ತು! ಪತ್ರಗಳೂ ಅಷ್ಟೆ. ತಾಯಿ ಗಾಬರಿಯಾಗಬಾರದೆಂದು ಮಗ ನಗುನಗುತ್ತಾ ಬರೆಯುತ್ತಾನೆ. ಆ ನಗುವಿನಲ್ಲಿ ಅವನು ಹೇಗಿದ್ದ ಎಂಬುದಕ್ಕಿಂತ ತಾಯಿಗೆ ಹೇಗೆ ಕಾಣಬಯಸಿದ ಎಂಬುದು ಗೊತ್ತಾಗುತ್ತದೆ. ಅದೂ ಸಣ್ಣ ಸಂಗತಿಯಲ್ಲ. ಮಾಣೆಕ್‌ನಿಂದ ಇಂಥ ಕಟ್ಟುಗಳು ಪುಸ್ತಕಕ್ಕೆ ಸಿಕ್ಕಿಲ್ಲ. ನಿಜದ ಜೊತೆಗೆ ಅವನ ಸುಳ್ಳುಗಳೂ ಕಳೆದುಹೋಗಿವೆ.

(ನಮ್ಮ ಕಡೆಯ ಮನೆಗಳಲ್ಲಿ ಕಾಗದಗಳನ್ನು ತಂತಿಗೆ ಚುಚ್ಚಿ ತೂಗುಹಾಕುತ್ತಿದ್ದರು. ಸಾವಿನ ಸುದ್ದಿಯ ಕಾಗದವನ್ನು ಮಾತ್ರ ಓದಿದ ಕೂಡಲೇ ಹರಿದು ಹಾಕುವುದು ಪದ್ಧತಿ. ಸಂಶೋಧಕಿಗೆ ಬೇಕಾಗುವ ಹಾಳೆ ತಂತಿ ಏರುವುದೇ ಇಲ್ಲ.)

ಮನೆ ಮರೆತದ್ದನ್ನು ದೇಶವಾದರೂ ನೆನಪಿಡಬಹುದಿತ್ತು. ಆ ಯುದ್ಧದಲ್ಲಿ ಭಾರತದ ಸೇನೆ ಇಪ್ಪತ್ತೈದು ಲಕ್ಷಕ್ಕೆ ಬೆಳೆದಿತ್ತು. ಆದರೆ 1942ರಲ್ಲಿ ಊರೂರಲ್ಲಿ ಚಲೇಜಾವ್ ಚಳವಳಿ ನಡೆಯುತ್ತಿದ್ದಾಗ ಇವರು ತೊಟ್ಟಿದ್ದು ದೊರೆಯ ಸಮವಸ್ತ್ರ. ಸ್ವತಂತ್ರ ಭಾರತಕ್ಕೆ ಅವರನ್ನು ಎಲ್ಲಿ ಕೂರಿಸಬೇಕೆಂದು ತೋಚಲಿಲ್ಲ. ದೆಹಲಿಯ ಇಂಡಿಯಾ ಗೇಟ್ ಮೇಲಿನ ಹೆಸರುಗಳು ಮೊದಲ ಮಹಾಯುದ್ಧದವರದು ಮತ್ತು 1919ರ ಆಫ್ಘನ್ ಯುದ್ಧದವರದು. ಪಕ್ಕದಲ್ಲೇ 2019ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರದವರ ಹೆಸರುಗಳಿವೆ. 1943ರಲ್ಲಿ ಪೂರ್ವದ ರಣರಂಗದಲ್ಲಿ ಸತ್ತ ಮಾಣೆಕ್‌ಗೆ ಈ ಎರಡೂ ಗೋಡೆಗಳಲ್ಲಿ ಜಾಗವಿಲ್ಲ. ದಕ್ಷಿಣ ಮತ್ತು ಪೂರ್ವ ಏಷ್ಯಾದಲ್ಲಿ ಸತ್ತು ಸಮಾಧಿಯೂ ಸಿಗದ ವೈಮಾನಿಕರ ಹೆಸರುಗಳನ್ನು ಹುಡುಕುವವರು ಸಿಂಗಾಪುರದ ಕ್ರಾಂಜಿಗೆ ಹೋಗಬೇಕು. ವಿಮಾನದ ರೆಕ್ಕೆಯಾಕಾರದ ಮಾಡಿನ ಕೆಳಗೆ, ಇಪ್ಪತ್ನಾಲ್ಕು ಸಾವಿರಕ್ಕೂ ಹೆಚ್ಚು ಹೆಸರುಗಳ ನಡುವೆ.

ಈ ಕೊರತೆಯನ್ನು ತುಂಬುವ ಹಂಬಲವೇ ಕಾರ್ನಾಡರ ಗದ್ಯಕ್ಕೆ ಬಿಸಿ ಕೊಟ್ಟಿದೆ. ನನ್ನ ತಕರಾರು ಇರುವುದೂ ಅಲ್ಲೇ. ದಾಖಲೆಯಿಂದ ಬಂದ ಸಂಗತಿಯನ್ನೂ ಪಾತ್ರದ ಮನಸ್ಸಿನೊಳಗಿನ ಮಾತನ್ನೂ ಅವರು ಒಂದೇ ನಿಶ್ಚಯದ ದನಿಯಲ್ಲಿ ಹೇಳುತ್ತಾರೆ. ಯಾವುದಕ್ಕೆ ಆಧಾರವಿದೆ, ಯಾವುದಕ್ಕಿಲ್ಲ ಎಂದು ವಾಕ್ಯದ ಮಟ್ಟದಲ್ಲಿ ತಿಳಿಯುವುದಿಲ್ಲ. ಕಾದಂಬರಿಯ ಓದುಗರಿಗೆ ಇದು ಸುಖ. ಆದರೆ ಸತ್ತವನಿಗೆ ಇಲ್ಲ ಎನ್ನುವ ಅವಕಾಶವಿಲ್ಲವಲ್ಲ. ಹಾಗೆಂದು ಕಲ್ಪನೆಯನ್ನು ಪೂರ್ತಿ ಕಿತ್ತುಹಾಕಿದರೆ ಉಳಿಯುವುದು ಹೆಸರು, ದರ್ಜೆ, ತಾರೀಖು. ಆ ಕೆಲಸವನ್ನು ಕಲ್ಲು ಆಗಲೇ ಮಾಡಿದೆ.

ಈ ಪುಸ್ತಕವನ್ನು ಕನ್ನಡಕ್ಕೆ ತರಲು ಕೂತವರು ಇಲ್ಲೇ ತಡವರಿಸುತ್ತಾರೆ ಎಂದು ನನ್ನ ಊಹೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಒಂದೇ ರೂಪದಲ್ಲಿ ನಿಂತು ಎರಡನ್ನೂ ಹೊರುತ್ತದೆ. ನಮ್ಮಲ್ಲಿ ‘ಹೆದರಿದ’ ಬೇರೆ, ‘ಹೆದರಿದನಂತೆ’ ಬೇರೆ, ‘ಹೆದರಿರಬೇಕು’ ಬೇರೆ. ನಮ್ಮ ಅಜ್ಜಿಯರು ಯಾರ ಕಥೆ ಹೇಳುವಾಗಲೂ ‘ಅಂತೆ’ ಬಿಟ್ಟವರಲ್ಲ. ಮಾಣೆಕ್ ವಿಮಾನದಲ್ಲಿ ಒಬ್ಬನೇ ಕೂತ ಪುಟಗಳಲ್ಲಿ ಅನುವಾದಕಿ ವಾಕ್ಯವಾಕ್ಯಕ್ಕೂ ಈ ಮೂರರಲ್ಲಿ ಒಂದನ್ನು ಆರಿಸಬೇಕಾಗುತ್ತದೆ.