ಅಂಗನವಾಡಿಯ ಕಲಿಕೆಗೆ ಯಾವ ಅಳತೆ?

ಅಂಗನವಾಡಿ ಹುಟ್ಟಿದ್ದೇ ಆರು ಸೇವೆಗಳ ಹೊರೆ ಹೊತ್ತು. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕ್‌ಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಆ ಮೊದಲ ಬ್ಲಾಕ್ ಮೈಸೂರು ಜಿಲ್ಲೆಯ ತಿ. ನರಸೀಪುರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ, ಇವುಗಳ ಜೊತೆಗೆ ಮೂರರಿಂದ ಆರು ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣವೂ ಒಂದೇ ಕೋಣೆಗೆ ಬಂತು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಕೂಲಿ ಕುಟುಂಬದ ಮಗುವಿಗೆ ಮೊದಲ ಸಾಲಿ ಈ ಕೋಣೆಯೇ. ಉಳಿದ ಐದು ಸೇವೆಗಳಿಗೆ ಒಂದಲ್ಲ ಒಂದು ಅಳತೆ ಇದೆ. ಕಲಿಕೆಗೆ ಇರುವ ಅಳತೆ ಮಾತ್ರ ಬಹಳ ತೆಳು.

ಏನನ್ನು ಎಣಿಸಲಾಗುತ್ತಿದೆ ಎಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಕಾರ್ಯಕರ್ತೆ ಮಗುವಿನ ತೂಕ, ಎತ್ತರ, ಹಾಜರಾತಿ, ಕೊಟ್ಟ ಆಹಾರ ಎಲ್ಲವನ್ನೂ ತುಂಬುತ್ತಾಳೆ. ಅಪೌಷ್ಟಿಕತೆ ಕಾಡುವ ಸೀಮೆಯಲ್ಲಿ ಈ ಲೆಕ್ಕ ಬೇಕೇ ಬೇಕು. ಅದನ್ನು ಹಗುರವಾಗಿ ಕಾಣುವುದು ಅನ್ಯಾಯ. ಆದರೆ ಕೇಂದ್ರ ತೆರೆದಿತ್ತು, ಇಷ್ಟು ಮಕ್ಕಳು ಬಂದಿದ್ದರು ಎಂಬ ಮಾಹಿತಿಯಿಂದ ಆ ಮಕ್ಕಳು ಅಂದು ಎಷ್ಟು ಮಾತಾಡಿದರು, ಯಾವ ಕಥೆ ಕೇಳಿದರು, ಕೈಗೆ ಏನಾದರೂ ಆಟಿಕೆ ಸಿಕ್ಕಿತೇ ಎಂಬುದು ತಿಳಿಯುವುದಿಲ್ಲ. ರಾಜ್ಯದ ‘ಚಿಲಿಪಿಲಿ’ ಪಠ್ಯಕ್ರಮ ಹಾಡು, ಕಥೆ, ಆಟಗಳನ್ನು ವಿಷಯವಾರು ಜೋಡಿಸಿಕೊಟ್ಟಿದೆ. ಪಠ್ಯಕ್ರಮ ಕಾಗದದ ಮೇಲೆ ಚೆನ್ನಾಗಿಯೇ ಇದೆ. ಅದು ಕೋಣೆಯಲ್ಲಿ ದಿನಕ್ಕೆ ಎಷ್ಟು ಹೊತ್ತು ಬದುಕಿರುತ್ತದೆ ಎಂಬುದೇ ಮೌಲ್ಯಮಾಪನ ಕೇಳಬೇಕಾದ ಪ್ರಶ್ನೆ.

ಶಿಕ್ಷಣ ಕಾರ್ಯಕ್ರಮವೊಂದರ ಪರೀಕ್ಷೆಯಲ್ಲಿ ಮೂರು ಸಂಗತಿಗಳು ಬೇರೆ ಬೇರೆ: ಕಟ್ಟಡ, ಸಿಬ್ಬಂದಿ, ಸಾಮಗ್ರಿ ಮೊದಲನೆಯದು, ಕೋಣೆಯೊಳಗೆ ನಡೆಯುವ ಕೆಲಸ ಎರಡನೆಯದು, ಮಗುವಿನಲ್ಲಿ ಕಾಣುವ ಬೆಳವಣಿಗೆ ಮೂರನೆಯದು. ಮೇಲ್ವಿಚಾರಕಿಯ ಭೇಟಿ ಬಹುಪಾಲು ಮೊದಲನೆಯದರಲ್ಲೇ ಮುಗಿಯುತ್ತದೆ. ಎರಡನೆಯದನ್ನು ಅಳೆಯುವ ಸಾಧನಗಳಿಗೇನೂ ಕೊರತೆಯಿಲ್ಲ. ಅಮೆರಿಕದ ಹಾರ್ಮ್ಸ್ ಮತ್ತು ಕ್ಲಿಫರ್ಡ್ 1980ರಲ್ಲಿ ಶಿಶುಕೇಂದ್ರದ ಪರಿಸರವನ್ನು ಅಳೆಯುವ ಮಾಪಕವೊಂದನ್ನು ಪ್ರಕಟಿಸಿದರು, ಚೆನ್ನೈನ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಆ ಬಗೆಯ ಮಾಪಕವನ್ನು ತಮಿಳುನಾಡಿಗೆ ತಕ್ಕಂತೆ ರೂಪಿಸಿತು. ಇಂಥ ಮಾಪಕ ಹಿಡಿದವರು ಮಗುವನ್ನು ಪ್ರಶ್ನೆ ಕೇಳುವುದಿಲ್ಲ. ಬೆಳಿಗ್ಗೆಯಿಂದ ಊಟದವರೆಗೆ ಒಂದು ಮೂಲೆಯಲ್ಲಿ ಕುಳಿತು, ಟೀಚರ್ ಮಕ್ಕಳೊಡನೆ ಹೇಗೆ ಮಾತಾಡುತ್ತಾರೆ, ಮಗು ಕೇಳಿದ ಪ್ರಶ್ನೆಗೆ ಉತ್ತರ ಸಿಗುತ್ತದೆಯೇ, ಸುಮ್ಮನೆ ಕೂರಿಸಿದ ಹೊತ್ತೆಷ್ಟು ಎಂದು ಬರೆದುಕೊಳ್ಳುತ್ತಾರೆ. ವಿಜಯಪುರದ ಈ ನಾಲ್ಕು ತಾಲ್ಲೂಕುಗಳ ಕೇಂದ್ರಗಳಿಗೆ ಮೊದಲು ಬೇಕಿರುವುದು ಈ ಬಗೆಯ ನೋಟ.

ಹೊತ್ತಿನ ಲೆಕ್ಕ ಯಾಕೆ ಮುಖ್ಯ ಎಂಬುದನ್ನು ತಮಿಳುನಾಡಿನ 320 ಕೇಂದ್ರಗಳಲ್ಲಿ ನಡೆದ ಪ್ರಯೋಗ ತೋರಿಸಿದೆ. ಗನಿಮಿಯನ್, ಕಾರ್ತಿಕ್ ಮುರಳೀಧರನ್ ಮತ್ತು ವಾಲ್ಟರ್ಸ್ ನಡೆಸಿದ ಈ ಅಧ್ಯಯನದಲ್ಲಿ ಚೀಟಿ ಎತ್ತಿದಂತೆ ಆಯ್ದ ಅರ್ಧದಷ್ಟು ಕೇಂದ್ರಗಳಿಗೆ, ಕಲಿಸುವುದಕ್ಕೆಂದೇ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಡಲಾಯಿತು. ಕಲಿಕೆಯ ಅವಧಿ ಇಮ್ಮಡಿಯಾಯಿತು. 18 ತಿಂಗಳ ನಂತರ ಗಣಿತ, ಭಾಷೆ ಎರಡರಲ್ಲೂ ಮಕ್ಕಳು ಗಮನಾರ್ಹವಾಗಿ ಮುಂದಿದ್ದರು. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳ ಪ್ರಮಾಣವೂ ಆ ಕೇಂದ್ರಗಳಲ್ಲಿ ಕಡಿಮೆಯಿತ್ತು. ಊಟ ಮತ್ತು ಪಾಠ ಒಂದಕ್ಕೊಂದು ಪೈಪೋಟಿ ಎಂಬ ಆತಂಕಕ್ಕೆ ಇಷ್ಟು ನೇರ ಉತ್ತರ ಬೇರೆಲ್ಲೂ ಸಿಗುವುದು ಕಷ್ಟ. ಕರ್ನಾಟಕದ ಕೇಂದ್ರದಲ್ಲಿ ಇರುವುದು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. 2017ರ ಮಾತೃಪೂರ್ಣ ಯೋಜನೆಯ ಬಿಸಿಯೂಟ, ಚುನಾವಣೆಯ ಮತಗಟ್ಟೆ ಕೆಲಸ, ಸಮೀಕ್ಷೆಗಳು ಅದೇ ಕಾರ್ಯಕರ್ತೆಯ ಪಾಲಿಗೆ. 150ರಿಂದ 400 ಜನಸಂಖ್ಯೆಯ ತಾಂಡಾ, ವಸ್ತಿಗಳಿಗೆಂದು ರೂಪಿಸಿದ ಮಿನಿ ಅಂಗನವಾಡಿಯಲ್ಲಿ ಸಹಾಯಕಿಯೂ ಇರಲಿಲ್ಲ. ಇಂಥ ಕೇಂದ್ರವನ್ನು ‘ಹಿಂದುಳಿದಿದೆ’ ಎಂದು ವರದಿ ಬರೆಯುವವರು ಕಾರ್ಯಕರ್ತೆಯ ದಿನ ಎಲ್ಲಿ ಕಳೆಯಿತೆಂದು ಮೊದಲು ಬರೆಯಬೇಕು.

ತಂದೆತಾಯಿಗಳ ಅಳತೆ ಬೇರೆಯೇ. ಸಿಂದಗಿ, ಮುದ್ದೇಬಿಹಾಳ ಪೇಟೆಯ ಕಾನ್ವೆಂಟಿಗೆ ಹೋಗುವ ನಾಲ್ಕು ವರ್ಷದ ಕೂಸು ಎಬಿಸಿಡಿ ಬರೆದರೆ ಮನೆಯವರಿಗೆ ಸಮಾಧಾನ. ಅಂಗನವಾಡಿಯಲ್ಲಿ ‘ಬರೀ ಆಡಸ್ತಾರ’ ಎಂಬ ದೂರು. ಆ ಆಸೆ ಸಹಜ, ಅದರಲ್ಲಿ ತಪ್ಪು ಹುಡುಕಬೇಕಿಲ್ಲ. ಆದರೆ ಅಸ್ಸಾಂ, ರಾಜಸ್ಥಾನ ಮತ್ತು ತೆಲಂಗಾಣದ ಸುಮಾರು 14,000 ಮಕ್ಕಳನ್ನು ನಾಲ್ಕರಿಂದ ಎಂಟನೆಯ ವಯಸ್ಸಿನವರೆಗೆ ಹಿಂಬಾಲಿಸಿ 2017ರಲ್ಲಿ ಹೊರಬಂದ ಅಧ್ಯಯನ ಖಾಸಗಿ ಶಿಶುವಿಹಾರಗಳನ್ನೂ ಮೆಚ್ಚಲಿಲ್ಲ: ಅವು ಒಂದನೆಯ ತರಗತಿಯ ಓದು ಬರಹವನ್ನೇ ಕೆಳಕ್ಕೆ ಇಳಿಸಿದ್ದವು. ಅಕ್ಷರ ತಿದ್ದಿದ್ದನ್ನೇ ಯಶಸ್ಸೆಂದು ಎಣಿಸುವ ಪರೀಕ್ಷೆ ಕಾರ್ಯಕರ್ತೆಯನ್ನೂ ಅದೇ ದಾರಿಗೆ ತಳ್ಳುತ್ತದೆ.

ಮಗುವನ್ನು ನೇರವಾಗಿ ಪರೀಕ್ಷಿಸುವಾಗ ಭಾಷೆ ತೊಡಕಾಗುತ್ತದೆ. ಚಿತ್ರ ನೋಡಿ ತತ್ತಿ, ಶೇಂಗಾ, ಉಳ್ಳಾಗಡ್ಡಿ ಎಂದು ಹೇಳಿದ ಮಗುವಿಗೆ, ಮೊಟ್ಟೆ, ಕಡಲೆಕಾಯಿ, ಈರುಳ್ಳಿ ಎಂಬ ಉತ್ತರಪಟ್ಟಿ ಹಿಡಿದವರು ಅಂಕ ಕಳೆಯಬಾರದು. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಇಂಡಿಯ ಗಡಿಭಾಗದ ಕೆಲವು ಮನೆಗಳಲ್ಲಿ ಮರಾಠಿ. ಅಂಥ ಮಗುವನ್ನು ಕನ್ನಡದಲ್ಲಷ್ಟೇ ಕೇಳಿದರೆ ಸಿಗುವ ಅಂಕ ಅದರ ಕನ್ನಡದ ಬಗ್ಗೆ ಹೇಳುತ್ತದೆ, ಅದರ ಬುದ್ಧಿಯ ಬಗ್ಗೆ ಅಲ್ಲ.

ಇದಕ್ಕಿಂತ ದೊಡ್ಡ ತೊಡಕು ಗುಳೆ. ಸುಗ್ಗಿಯ ಹಂಗಾಮು ಕಳೆದಂತೆ ಈ ತಾಲ್ಲೂಕುಗಳ ಕುಟುಂಬಗಳು ಪುಣೆ, ಮುಂಬೈ, ಗೋವಾ, ಬೆಂಗಳೂರಿನ ಕಡೆ ದುಡಿಯಲು ಹೋಗುತ್ತವೆ, ಸಣ್ಣ ಮಕ್ಕಳನ್ನು ಕಟ್ಟಿಕೊಂಡೇ. ಇತ್ತ ಕಬ್ಬು ಕಡಿಯುವ ಗ್ಯಾಂಗ್‌ಗಳು ಮಹಾರಾಷ್ಟ್ರದಿಂದ ಕರ್ನಾಟಕದ ಕಾರ್ಖಾನೆಗಳ ಕಡೆಗೆ ಬರುತ್ತವೆ, ಅವುಗಳೊಡನೆಯೂ ಮಕ್ಕಳಿರುತ್ತಾರೆ. ಜೂನ್‌ನಲ್ಲಿ ಹೆಸರು ಬರೆಸಿದ ಮಗು ಫೆಬ್ರುವರಿಯ ಪರೀಕ್ಷೆಯಲ್ಲಿ ಇಲ್ಲದಿದ್ದರೆ ಅದರ ಹೆಸರು ಲೆಕ್ಕದಿಂದ ಸದ್ದಿಲ್ಲದೆ ಜಾರುತ್ತದೆ, ಉಳಿದವರ ಸರಾಸರಿ ಚೆಂದ ಕಾಣುತ್ತದೆ. ತಮಿಳುನಾಡಿನ ಅಧ್ಯಯನ ಕೂಡ ತನ್ನ ದೊಡ್ಡ ಫಲಿತಾಂಶ ಕೇಂದ್ರದಲ್ಲೇ ಉಳಿದ ಮಕ್ಕಳಿಗೆ ಸಂಬಂಧಿಸಿದ್ದೆಂದು ಪ್ರಾಮಾಣಿಕವಾಗಿ ಹೇಳಿದೆ. ಈ ಭಾಗದಲ್ಲಿ ಹೋದ ಮಕ್ಕಳನ್ನು ಬಿಟ್ಟು ಬರೆದ ಯಾವ ಸರಾಸರಿಯನ್ನೂ ನಂಬಲಾಗದು. ಅತಿ ಬಡವರ ಮಕ್ಕಳೇ ಅದರಿಂದ ಹೊರಗುಳಿದಿರುತ್ತಾರೆ.

ಫಲಿತಾಂಶ ನೋಡುವ ಕಾಲವೂ ಮುಖ್ಯ. ಮಿಚಿಗನ್‌ನ ಪೆರ್ರಿ ಶಾಲಾಪೂರ್ವ ಪ್ರಯೋಗದಲ್ಲಿ (1962–67) 123 ಮಕ್ಕಳಿದ್ದರು. ಅವರ ಬುದ್ಧಿಸೂಚ್ಯಂಕದ ಲಾಭ ಕೆಲವೇ ವರ್ಷಗಳಲ್ಲಿ ಕರಗಿತು, ಆದರೆ 40ರ ವಯಸ್ಸಿನಲ್ಲಿ ದುಡಿಮೆ, ಗಳಿಕೆಗಳಲ್ಲಿ ವ್ಯತ್ಯಾಸ ಉಳಿದಿತ್ತು. ಟೆನೆಸ್ಸಿಯ ಶಾಲಾಪೂರ್ವ ಕಾರ್ಯಕ್ರಮದಲ್ಲಿ ಇದಕ್ಕೆ ತಿರುವು ಮುರುವು: ಆರಂಭದಲ್ಲಿ ಮುಂದಿದ್ದ ಮಕ್ಕಳು ಆರನೆಯ ತರಗತಿಗೆ ಬರುವಷ್ಟರಲ್ಲಿ ಹಿಂದೆ ಬಿದ್ದಿದ್ದರೆಂದು 2022ರ ವರದಿ ಹೇಳಿತು. ವರ್ಷದ ಕೊನೆಯ ಒಂದು ಪರೀಕ್ಷೆಯಿಂದ ತೀರ್ಪು ಕೊಡುವುದು ಎರಡೂ ಕಡೆ ದಾರಿ ತಪ್ಪಿಸುತ್ತಿತ್ತು. ಹಾಗಾಗಿ ಅಂಗನವಾಡಿಯಲ್ಲಿ ತುಂಬಿದ ಮಗುವಿನ ಬೆಳವಣಿಗೆಯ ಕಾರ್ಡ್ ಒಂದನೆಯ ತರಗತಿಯ ನಲಿ-ಕಲಿ ಶಿಕ್ಷಕರ ಕೈ ಸೇರಬೇಕು, ಮೂರನೆಯ ತರಗತಿಯವರೆಗಾದರೂ ಮುಂದುವರಿಯಬೇಕು.

ಅಂಥ ದಾಖಲೆಗೆ ಈಗ ತುರ್ತೂ ಇದೆ. ಇಂಡಿ, ಸಿಂದಗಿಯ ನೆರೆಯ ಅಫಜಲಪುರ, ಜೇವರ್ಗಿ ಕಲ್ಯಾಣ ಕರ್ನಾಟಕಕ್ಕೆ ಸೇರಿವೆ. 2024ರಲ್ಲಿ ಆ ಪ್ರದೇಶದ ನೂರಾರು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭಿಸಲು ಸರ್ಕಾರ ಹೊರಟಿತು. ಕೇಂದ್ರಗಳು ಖಾಲಿಯಾಗುವ ಭಯದಿಂದ ಅಂಗನವಾಡಿ ಕಾರ್ಯಕರ್ತೆಯರು ಹೋರಾಟಕ್ಕಿಳಿದರು. ವಿಜಯಪುರ ಜಿಲ್ಲೆ ಕಲ್ಯಾಣ ಕರ್ನಾಟಕಕ್ಕೆ ಮೀಸಲಾದ 371ಜೆ ವಿಧಿಯ ವ್ಯಾಪ್ತಿಗೆ ಬರುವುದಿಲ್ಲ. ಒಂದೇ ಬಗೆಯ ಹೊಲ, ಒಂದೇ ಮಾತು, ಒಂದೇ ಬಡತನದ ಹಳ್ಳಿಗಳಲ್ಲಿ ಎರಡು ವ್ಯವಸ್ಥೆಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಇದರಿಂದ ಒದಗಿದೆ. ಗಡಿಯ ಎರಡೂ ಬದಿಯ ಮಕ್ಕಳು ಮೂರನೆಯ ವಯಸ್ಸಿನಲ್ಲಿ ಎಲ್ಲಿದ್ದರು ಎಂಬುದನ್ನು ಈಗಲೇ ಬರೆದಿಟ್ಟರೆ ಮಾತ್ರ ಆ ಹೋಲಿಕೆಗೆ ಬೆಲೆ. ಮಕ್ಕಳು ಒಂದನೆಯ ತರಗತಿ ಸೇರಿದ ಮೇಲೆ ಆ ಮಾಹಿತಿಯನ್ನು ಹಿಂದಿರುಗಿ ಕೂಡಿಸಲು ದಾರಿಯಿಲ್ಲ.